ಎರಡನೆಯ ಕೆಲಸ ಎಲ್ಲಿದೆ?

ಬಿಇ ಮುಗಿಸಿದ ಮಕ್ಕಳಿರುವ ಮನೆಗೆ ಬಂದ ನೆಂಟರು ಕೇಳುವ ಪ್ರಶ್ನೆ ಒಂದೇ: ‘ಕೆಲಸ ಸಿಕ್ತಾ?’ ಸಿಕ್ಕಿದೆ ಎಂದರೆ ಮುಂದಿನ ಮಾತು, ‘ಅಂತೂ ಸೆಟ್ಲ್ ಆದ ಬಿಡಿ.’ ಕೆಲಸ ಎಂಬುದು ಜೀವನದಲ್ಲಿ ಒಂದು ಸಲ ಸಿಗುವಂಥದ್ದು, ಸಿಕ್ಕ ಮೇಲೆ ಚಿಂತೆ ಮುಗಿಯಿತು ಎಂಬ ನಂಬಿಕೆ ಈ ಎರಡು ಮಾತುಗಳ ನಡುವೆ ಕೂತಿದೆ. ಸರ್ಕಾರಿ ನೌಕರಿಯನ್ನು ನೋಡಿ ಬೆಳೆದ ನಂಬಿಕೆ ಅದು. ಕಾರ್ಖಾನೆಗೋ ಸಾಫ್ಟ್‌ವೇರ್ ಕಂಪನಿಗೋ ಹೋಗುವ ಇಂದಿನ ಎಂಜಿನಿಯರಿಗೆ ಅದರಿಂದ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಕೆಲಸ ಹೋದರೆ, ಅಥವಾ ನನಗೇ ಬೇಡವೆನಿಸಿದರೆ, ದಿನಾ ಹೋಗಿಬರುವಷ್ಟು ದೂರದಲ್ಲಿ ಇದೇ ಕಸುಬಿನ ಎರಡನೆಯ ಕೆಲಸ ಇದೆಯೇ?

ನಾನಿರುವುದು ಚೆನ್ನೈನ ವಡಪಳನಿಯಲ್ಲಿ. ಯಂತ್ರಗಳ ಕೈಪಿಡಿ, ಕಾರ್ಖಾನೆಗಳ ಸುರಕ್ಷತಾ ಸೂಚನೆ ಇಂಥವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಬೆಳಗಿನ ಜಾವ ಆರ್ಕಾಟ್ ರಸ್ತೆಯ ತಿರುವಿನಲ್ಲಿ ಕಂಪನಿ ಬಸ್ಸಿಗೆ ಕಾಯುವ ಹುಡುಗರ ಗುಂಪಿನಲ್ಲಿ ಒಮ್ಮೊಮ್ಮೆ ಕನ್ನಡ ಕಿವಿಗೆ ಬೀಳುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕನ್ನಡ. ಬಹುತೇಕರು ಮೆಕ್ಯಾನಿಕಲ್ ಓದಿದವರು. ಶ್ರೀಪೆರಂಬುದೂರು, ಒರಗಡಂ ಕಡೆಗೆ ಹೋಗುವವರು. ಮುಂಬೈ–ಚೆನ್ನೈ ರೈಲು ಮಾರ್ಗ ರಾಯಚೂರಿನ ಮೇಲೆಯೇ ಹಾದುಬರುತ್ತದಾದ್ದರಿಂದ ಅವರಿಗೆ ಇದು ತೀರಾ ಪರದೇಶವೇನಲ್ಲ. ಊರಲ್ಲಿ ಏನೂ ಸಿಗಲಿಲ್ಲವೇ ಎಂದು ಒಬ್ಬನನ್ನು ಕೇಳಿದೆ. ‘ಊರಾಗ ಕೆಲಸ ಇಲ್ಲಂತಲ್ಲ ಅಕ್ಕಾ. ಒಂದ್ ಐತಿ. ಅದು ಹೋದ್ರ ಮತ್ತೊಂದಿಲ್ಲ’ ಎಂದ.

ದುರ್ಬಲ ಉದ್ಯೋಗ ಮಾರುಕಟ್ಟೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಕೆಲಸವೇ ಇಲ್ಲದ ಜಿಲ್ಲೆ ಕಡಿಮೆ. ಒಂದು ಸಿಮೆಂಟ್ ಕಾರ್ಖಾನೆ, ಒಂದು ಉಷ್ಣ ವಿದ್ಯುತ್ ಸ್ಥಾವರ, ಒಂದು ಉಕ್ಕಿನ ಘಟಕ ಎಲ್ಲೋ ಇರುತ್ತದೆ. ಆದರೆ ಒಂದೇ ಇರುವ ಕಡೆ ಸಂಬಳ ಏರಿಸಿ ಎಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಒಂದು ಯಂತ್ರದ ಮುಂದೆ ಕಲಿತದ್ದನ್ನು ಇನ್ನೊಂದು ಕಂಪನಿಗೆ ಹೊತ್ತೊಯ್ಯುವ ದಾರಿ ಇರುವುದಿಲ್ಲ. ಐದು ವರ್ಷವಾದರೂ ಅದೇ ಕುರ್ಚಿ, ಅದೇ ಹುದ್ದೆ.

ನಮ್ಮ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿಗಳಿವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತನ್ನ ಲೇಥ್ ಯಂತ್ರಗಳಿಗೆ ದೇಶದುದ್ದಕ್ಕೂ ಹೆಸರಾಗಿತ್ತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ, ಅದೇ ಕಸುಬಿನ ಅಷ್ಟು ದೊಡ್ಡ ಇನ್ನೊಂದು ಕಾರ್ಖಾನೆ ಊರಲ್ಲಿರಲಿಲ್ಲ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈಗಳು ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಕೆಜಿಎಫ್‌ನ ಸಾವಿರಾರು ಜನ ಇಂದಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರ ಎರಡನೆಯ ಕೆಲಸ ನೂರು ಕಿಲೋಮೀಟರ್ ಆಚೆಗಿತ್ತು.

ಈಗ ಚೆನ್ನೈ ನೋಡಿ. ಮರೈಮಲೈನಗರದ ಫೋರ್ಡ್ ಕಾರ್ಖಾನೆ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. 2022ರಲ್ಲಿ ಉತ್ಪಾದನೆ ನಿಂತಿತು. ಅದಕ್ಕೂ ಮೊದಲು, 2014ರಲ್ಲಿ, ಶ್ರೀಪೆರಂಬುದೂರಿನ ನೋಕಿಯಾ ಮುಚ್ಚಿತ್ತು. ಎರಡೂ ದೊಡ್ಡ ಪೆಟ್ಟುಗಳೇ. ಕೆಲಸ ಕಳೆದುಕೊಂಡ ಎಲ್ಲರಿಗೂ ಬೇರೆ ಕೆಲಸ ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಪೆಟ್ಟು ತಿಂದವರು ಸಾಮಾನ್ಯ ಕಾರ್ಮಿಕರು, ಅವರಲ್ಲಿ ಬಹಳಷ್ಟು ಹೆಣ್ಣುಮಕ್ಕಳು. ಆದರೆ ಒಬ್ಬ ಎಂಜಿನಿಯರ್ ತನ್ನ ಬಯೋಡೇಟಾ ಹಿಡಿದು ಹೋಗಬಹುದಾದ ಬಾಗಿಲುಗಳು ಉಳಿದಿದ್ದವು. ಇರುಂಗಾಟುಕೋಟೆಯಲ್ಲಿ 1998ರಿಂದ ಕಾರು ತಯಾರಿಸುತ್ತಿರುವ ಹ್ಯುಂಡೈ, ಒರಗಡಂನಲ್ಲಿ 2010ರಲ್ಲಿ ಶುರುವಾದ ರೆನೋ-ನಿಸ್ಸಾನ್ ಘಟಕ, ಇವಕ್ಕೆಲ್ಲ ಬಿಡಿಭಾಗ ಕೊಡುವ ಚಿಕ್ಕ ದೊಡ್ಡ ಕಂಪನಿಗಳು. ಇದು ಒಂದೇ ದಿನದಲ್ಲಿ ಆದದ್ದಲ್ಲ. ಎಣ್ಣೂರಿನ ಅಶೋಕ್ ಲೇಲ್ಯಾಂಡ್, ಪೆರಂಬೂರಿನ ರೈಲ್ವೆ ಕೋಚ್ ಕಾರ್ಖಾನೆ, 1958ರ ಗಿಂಡಿ ಕೈಗಾರಿಕಾ ವಸಾಹತು, ಆಮೇಲೆ ಅಂಬತ್ತೂರು, ಹೀಗೆ ಪದರ ಪದರವಾಗಿ ಕೂಡಿಬಂದದ್ದು. ಕಾರ್ಖಾನೆಗಳ ಸಂಖ್ಯೆಯಲ್ಲಿ ತಮಿಳುನಾಡು ದೇಶಕ್ಕೇ ಮೊದಲು ಎಂಬುದರ ಅರ್ಥ, ಇಲ್ಲಿ ಸಣ್ಣ ಕಾರ್ಖಾನೆಗಳು ಒತ್ತೊತ್ತಾಗಿವೆ ಎಂದು.

ಈ ಮಾತು ಕನ್ನಡಿಗರಿಗೆ ಹೊಸದಾಗಬೇಕಿಲ್ಲ, ಅದಕ್ಕೂ ವಡಪಳನಿಯೇ ಸಾಕ್ಷಿ. ಎವಿಎಂ, ವಿಜಯಾ-ವಾಹಿನಿ ಸ್ಟುಡಿಯೋಗಳಿದ್ದ ಈ ಬೀದಿಗಳಲ್ಲಿ ದಶಕಗಳ ಕಾಲ ಕನ್ನಡ ಸಿನಿಮಾ ತಯಾರಾಯಿತು. ಕ್ಯಾಮೆರಾ ಸಹಾಯಕ, ಶಬ್ದಗ್ರಾಹಕ, ಸಂಕಲನಕಾರ ಎಲ್ಲರೂ ಮದ್ರಾಸಿಗೇ ಬಂದು ನೆಲೆಸಿದ್ದು ಏಕೆ? ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತಲ್ಲ? ಇತ್ತು. ಆದರೆ ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರ ಬರುತ್ತಿದ್ದ ಕಾಲದಲ್ಲಿ ಒಂದು ಚಿತ್ರ ಮುಗಿದ ಮೇಲೆ ಮುಂದಿನದು ಯಾವಾಗಲೋ. ಮದ್ರಾಸಿನಲ್ಲಾದರೆ ಪಕ್ಕದ ಫ್ಲೋರಿನಲ್ಲಿ ತಮಿಳು, ತೆಲುಗು ಚಿತ್ರಗಳ ಕೆಲಸ ಸದಾ ನಡೆಯುತ್ತಿತ್ತು. ಆ ಎರಡನೆಯ ಕೆಲಸವೇ ತಂತ್ರಜ್ಞರನ್ನು ತಂತ್ರಜ್ಞರನ್ನಾಗಿ ಮಾಡಿದ್ದು. ಮುಂದೆ ಸರ್ಕಾರ ರಾಜ್ಯದಲ್ಲೇ ತಯಾರಾಗುವ ಚಿತ್ರಗಳಿಗೆ ಸಹಾಯಧನ ಕೊಟ್ಟಿತು, ಬೆಂಗಳೂರಿನಲ್ಲಿ ಸ್ಟುಡಿಯೋ, ಲ್ಯಾಬ್ ಬಂದವು, ಚಿತ್ರಗಳ ಸಂಖ್ಯೆ ಏರಿತು. ಆಗ ಚಿತ್ರರಂಗ ಮನೆಗೆ ಮರಳಿತು. ಊರು ಬಿಟ್ಟವರು ಮರಳುವುದಿಲ್ಲ ಎಂಬುದು ಸುಳ್ಳು. ಮರಳಲು ಊರಲ್ಲಿ ಒಂದಕ್ಕಿಂತ ಹೆಚ್ಚು ಕೆಲಸ ಇರಬೇಕು, ಅಷ್ಟೆ.

ಹಾಗಾದರೆ ಎಲ್ಲರೂ ಸಾಫ್ಟ್‌ವೇರ್ ಕಲಿತು ಬೆಂಗಳೂರಿಗೆ ಹೋಗಲಿ ಎನ್ನುವವರಿದ್ದಾರೆ. 2023–24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ನೌಕರರ ಒಟ್ಟು ಸಂಖ್ಯೆ ಇಳಿಯಿತು ಎಂಬುದನ್ನು ಅವರು ನೆನಪಿಡಬೇಕು. ಸಾಫ್ಟ್‌ವೇರಿನಲ್ಲಿ ಎರಡನೆಯ ಕೆಲಸ ಖಂಡಿತ ಇದೆ. ಈಗ ಕಷ್ಟವಾಗಿರುವುದು ಮೊದಲನೆಯದು. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದವರನ್ನು ಮೂರು ತಿಂಗಳ ಕೋರ್ಸಿಗೆ ಸೇರಿಸಿ ಆ ಸಾಲಿನ ಕೊನೆಯಲ್ಲಿ ನಿಲ್ಲಿಸುವುದು ಸಲಹೆಯಲ್ಲ, ಕೈತೊಳೆದುಕೊಳ್ಳುವುದು.

ಕಾರ್ಖಾನೆಗಳ ಊರಿಗೆ ಹೋಗಿ ಎಂಬ ನನ್ನ ಮಾತಿಗೂ ಬೆಲೆ ಇದೆ, ಅದನ್ನು ಬಚ್ಚಿಡಲಾರೆ. ಇಲ್ಲಿಗೆ ಬಂದವರಲ್ಲಿ ಬಹಳಷ್ಟು ಮಂದಿ ‘ಆಫ್ ರೋಲ್’, ಅಂದರೆ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿದ್ದರೂ ಸಂಬಳ ಕೊಡುವುದು ಗುತ್ತಿಗೆದಾರ. ಇನ್ನು ಕೆಲವರು ಅಪ್ರೆಂಟಿಸ್‌ಗಳು. ಪದವೀಧರ ಅಪ್ರೆಂಟಿಸ್‌ಗೆ 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ವಡಪಳನಿಯಲ್ಲಿ ಮೂವರು ಹಂಚಿಕೊಳ್ಳುವ ಪಿಜಿ ಕೋಣೆಗೇ ಊಟ ಸೇರಿ ಏಳೆಂಟು ಸಾವಿರ ಆಗುತ್ತದೆ. ಒಂದು ವರ್ಷ ಮನೆಯಿಂದ ಹಣ ತರಿಸಿಕೊಳ್ಳಬಲ್ಲವರು ಬರುತ್ತಾರೆ. ಎರಡೆಕರೆ ಒಣಭೂಮಿಯ ಮನೆಯವರು ಊರಲ್ಲೇ ಉಳಿದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತೆರೆಯುತ್ತಾರೆ.

ಇಲ್ಲಿ ಸರ್ಕಾರ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುತ್ತದೆ. ಆದರೆ ಅಪ್ರೆಂಟಿಸ್ ವೇತನ ಪಡೆಯುವವರು ಅದಕ್ಕೆ ಅರ್ಹರಲ್ಲ. ಅಂದರೆ ಕಾಯುತ್ತಾ ಕೂತವರಿಗೆ ಹಣ ಉಂಟು, ಪೆಟ್ಟಿಗೆ ಕಟ್ಟಿಕೊಂಡು ಕಲಿಯಲು ಹೊರಟವರಿಗೆ ಇಲ್ಲ. ಎರಡು ವರ್ಷಕ್ಕೆ ಒಟ್ಟು 72,000 ರೂಪಾಯಿ. ಅದೇ ಮೊತ್ತವನ್ನು ಒಂದು ವರ್ಷದ ಅಪ್ರೆಂಟಿಸ್‌ಗೆ ತಿಂಗಳಿಗೆ 6,000ದಂತೆ ಕೊಟ್ಟು ನೋಡಿ. 9,000ಕ್ಕೆ ಅದು ಕೂಡಿದರೆ 15,000. ರಾಯಚೂರಿನ ಬಡ ಮನೆಯ ಹುಡುಗಿಯೂ ಪೀಣ್ಯಕ್ಕೋ ಒರಗಡಂಗೋ ಹೋಗಿ ಮರ್ಯಾದೆಯಿಂದ ಒಂದು ವರ್ಷ ಕಲಿಯಬಹುದು. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಪದವೀಧರ ಅಪ್ರೆಂಟಿಸ್‌ಗಳ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಮಂಡಳಿ ಇರುವುದು ಇದೇ ಚೆನ್ನೈನ ತರಮಣಿಯಲ್ಲಿ. ವ್ಯವಸ್ಥೆ ಇದೆ. ಅದಕ್ಕೆ ನಮ್ಮ ಯೋಜನೆಯನ್ನು ಜೋಡಿಸುವುದು ಬಾಕಿ.

ಅದರ ಬದಲು ನಾವು ಜಗಳವಾಡುತ್ತಿರುವುದು ಮೊದಲ ಕೆಲಸದ ಪಾಲಿಗಾಗಿ. 371ಜೆ ವಿಧಿ ಕಲ್ಯಾಣ ಕರ್ನಾಟಕದವರಿಗೆ ಕಾಲೇಜಿನ ಸೀಟಿನಲ್ಲಿ, ಸರ್ಕಾರಿ ಹುದ್ದೆಯಲ್ಲಿ ಮೀಸಲು ಕೊಟ್ಟಿತು. ಅದು ನ್ಯಾಯವೇ. ಆದರೆ ಸೀಟು ಪಡೆದು ಓದಿ ಹೊರಬಂದವರಿಗೆ ಖಾಸಗಿ ಕೆಲಸ ಅಲ್ಲಿ ಹುಟ್ಟಲಿಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಒಂದೆರಡು ದಿನದಲ್ಲೇ ತಡೆಹಿಡಿಯಿತು. ಅದು ಜಾರಿಯಾಗಿದ್ದರೂ ಬೆಂಗಳೂರಿನ ಕೆಲಸಗಳನ್ನು ಹಂಚುತ್ತಿತ್ತೇ ಹೊರತು ಕೊಪ್ಪಳದಲ್ಲಿ ಎರಡನೆಯ ಕಾರ್ಖಾನೆಯನ್ನು ತರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಟ್ಟಡ ಎದ್ದು ನಿಂತಿದ್ದರೂ ಇನ್ಫೋಸಿಸ್ ಶುರುವಾಗಲೆಂದು 2022ರಲ್ಲಿ ಜನ ಅಭಿಯಾನವನ್ನೇ ನಡೆಸಬೇಕಾಯಿತು. ಒಂದು ದೊಡ್ಡ ಹೆಸರಿಗೆ ಕಾಯುವುದರ ಫಲ ಅದು. ಅದೇ ಸೀಮೆಯ ಬೆಳಗಾವಿಯಲ್ಲಿ ಫೌಂಡ್ರಿಗಳು, ಹೈಡ್ರಾಲಿಕ್ಸ್ ಕಂಪನಿಗಳು, ಈಗ ವಿಮಾನದ ಬಿಡಿಭಾಗ ಮಾಡುವವರು ಒಬ್ಬರ ಪಕ್ಕ ಒಬ್ಬರು ಬೆಳೆದಿದ್ದಾರೆ. ಅಲ್ಲಿನ ಎಂಜಿನಿಯರ್ ಕಂಪನಿ ಬದಲಿಸಿದರೂ ಮನೆ ಬದಲಿಸಬೇಕಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಬೇಕಿರುವುದು ಅಂಥದ್ದು: ಒಂದೇ ಕಸುಬಿನ ಇಪ್ಪತ್ತು ಸಣ್ಣ ಕಾರ್ಖಾನೆಗಳು ಒಂದೇ ಕಡೆ.

ಅದು ಆಗುವವರೆಗೆ ಈಗ ಓದುತ್ತಿರುವವರು ಏನು ಮಾಡಬೇಕು? ಎರಡು ಕಡೆಯಿಂದ ಕರೆ ಬಂದರೆ ಸಂಬಳದ ಜೊತೆಗೆ ಊರನ್ನೂ ತೂಗಿ ನೋಡಿ. ತಿಂಗಳಿಗೆ ಮೂರು ಸಾವಿರ ಕಡಿಮೆಯಾದರೂ ಅದೇ ಕಸುಬಿನ ಹತ್ತು ಕಂಪನಿಗಳಿರುವ ಊರು ಮೇಲು. ಅಲ್ಲಿನ ಭಾಷೆ ಕಲಿಯಿರಿ. ಶಾಪ್ ಫ್ಲೋರಿನಲ್ಲಿ ಯಂತ್ರ ಕೆಟ್ಟಾಗ ಮಾತು ನಡೆಯುವುದು ಇಂಗ್ಲಿಷಿನಲ್ಲಲ್ಲ, ಮೂವತ್ತು ವರ್ಷ ಅದೇ ಯಂತ್ರದ ಜೊತೆ ಇದ್ದವರ ತಮಿಳಿನಲ್ಲಿ. ಭಾಷಾಶಾಸ್ತ್ರ ಓದಿದವಳಾಗಿ ಹೇಳುತ್ತೇನೆ, ಕನ್ನಡದವರಿಗೆ ತಮಿಳು ಆರು ತಿಂಗಳ ಕೆಲಸ, ಅದಕ್ಕಿಂತ ಹೆಚ್ಚಲ್ಲ.

ಇನ್ನು ತಂದೆತಾಯಿಯರಿಗೆ. ಸಿಇಟಿ ಫಲಿತಾಂಶ ಬಂದು ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಶೇಕಡಾ ಎಷ್ಟು ಎಂದು ಕೇಳಬೇಡಿ. ಅದಕ್ಕೆ ಉತ್ತರ ಫ್ಲೆಕ್ಸ್ ಬೋರ್ಡಿನಲ್ಲೇ ಇರುತ್ತದೆ. ಐದು ವರ್ಷದ ಹಿಂದೆ ಇದೇ ಬ್ರಾಂಚಿನಲ್ಲಿ ಪಾಸಾದ ಹತ್ತು ಜನ ಈಗ ಎಲ್ಲಿದ್ದಾರೆ, ಮೊದಲ ಕೆಲಸ ಬಿಟ್ಟ ಮೇಲೆ ಏನು ಮಾಡಿದರು ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ಕಾಲೇಜಿಗೆ ಹೋಗಿ ಅದನ್ನೇ ಕೇಳಿ.