ನಡುರಾತ್ರಿ ಬರುವ ಟ್ಯಾಕ್ಸಿ ಉಳಿಯಬೇಕಾದರೆ

ಕಾಸರಗೋಡಿನ ನಾವು ಮಂಗಳೂರಿಗೆ ಕಾಲಿಟ್ಟ ಕೂಡಲೇ ಓಲಾ, ಉಬರ್ ಒತ್ತುವವರೇ. ತಪ್ಪೇನಿಲ್ಲ. ಹತ್ತುವ ಮೊದಲೇ ಬಾಡಿಗೆ ಎಷ್ಟೆಂದು ಗೊತ್ತಾಗ್ತದೆ, ಚೌಕಾಸಿ ಇಲ್ಲ. ಊರಿನ ಸ್ಟ್ಯಾಂಡ್ ಟ್ಯಾಕ್ಸಿ ಸೋತದ್ದು ಮುಖ್ಯವಾಗಿ ಇಲ್ಲೇ.

ಆದರೆ ಬದಿಯಡ್ಕ, ಪೈವಳಿಕೆಯ ಒಳದಾರಿಗೆ ನಡುರಾತ್ರಿ ಬರುವವರು ಯಾರು? ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿ, "ದುಡ್ಡು ನಾಳೆ ಕೊಡಿ" ಅನ್ನುವವರು ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಆ ಸ್ಟ್ಯಾಂಡಿನ ಅಣ್ಣನೇ. ಏರ್‌ಪೋರ್ಟ್, ರೈಲ್ವೆ ಸ್ಟೇಷನ್ನಿನ ಬಾಡಿಗೆ ಕೈತಪ್ಪಿದರೆ ಅವರು ರಾತ್ರಿಗೂ ಉಳಿಯೋದಿಲ್ಲ. ಬ್ಯಾಂಕಿನಲ್ಲಿ ಕೂತ ನನಗೆ ಇದು ಕಾರ್ ಸಾಲದ ಕಂತಿನಲ್ಲೇ ಕಾಣ್ತದೆ. ತಪ್ಪದೆ ಕಟ್ಟುತ್ತಿದ್ದವರು ಈಗ ಗಡುವು ಕೇಳಿಕೊಂಡು ಬರ್ತಾರೆ.

ಆಪನ್ನು ಬೈದು ಪ್ರಯೋಜನ ಇಲ್ಲ. ಬೆಂಗಳೂರಿನ ನಮ್ಮ ಯಾತ್ರಿ ಪ್ರತಿ ಟ್ರಿಪ್ಪಿಗೆ ಕಮಿಷನ್ ಹಿಡಿಯೋದಿಲ್ಲ. ಕೇರಳ ಸರ್ಕಾರವೇ 2022ರಲ್ಲಿ ತಿರುವನಂತಪುರದಲ್ಲಿ ಕೇರಳ ಸವಾರಿ ಶುರುಮಾಡಿತು: ಆಗ ಸರ್ಕಾರಿ ದರ, ಅದರ ಮೇಲೆ ಶೇ. 8 ಸೇವಾಶುಲ್ಕ ಇತ್ತು. ನಮ್ಮ ಚಾಲಕರೂ ಇಂಥದ್ದಕ್ಕೆ ಒಟ್ಟಾಗಿ ಸೇರಬೇಕು, ಬಾಡಿಗೆ ಮೊದಲೇ ಹೇಳಬೇಕು.

ನಮಗೂ ಕೆಲಸ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಸರ್ಕಾರದ ಜತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಸರ್ಕಾರಿ ಆಪ್ ನಮ್ಮೂರಿನಲ್ಲಿ, ಕನ್ನಡದಲ್ಲೂ ಸಿಗಬೇಕೆಂದು ಕನ್ನಡದಲ್ಲೇ ಅರ್ಜಿ ಹಾಕೋಣ. ಅಲ್ಲಿವರೆಗೆ ಸ್ಟ್ಯಾಂಡಿನ ಅಣ್ಣನ ನಂಬರ್ ಫೋನಲ್ಲಿರಲಿ. ಹಗಲೂ ಅವರನ್ನೇ ಕರೆಯಿರಿ.