ಅಂಗಡಿಯ ಅಗ್ಗದ ಮುಲಾಮು

ಚಳಿಗಾಲದಲ್ಲಿ ತುಟಿ, ಹಿಮ್ಮಡಿಗಳು ಒಡೆಯುವುದು ಸಹಜ. ಅದಕ್ಕೆ ದುಬಾರಿ ಕ್ರೀಮುಗಳೇ ಬೇಕೆಂದಿಲ್ಲ, ಸೋದರಿಯರೇ. ಔಷಧದಂಗಡಿಯಲ್ಲಿ ದೊರೆಯುವ ಪೆಟ್ರೋಲಿಯಂ ಜೆಲ್ಲಿಯನ್ನು, ಸ್ನಾನವಾದೊಡನೆ ಚರ್ಮದ ತೇವ ಆರುವ ಮುನ್ನವೇ ತೆಳುವಾಗಿ ಸವರಿದರೆ ಸಾಕು; ಒಳಗಿನ ನೀರಿನಂಶ ಆವಿಯಾಗದಂತೆ ಅದು ತಡೆಯುತ್ತದೆ. (ಮೊಡವೆಯ ಮುಖಕ್ಕೆ ಮಾತ್ರ ಬೇಡ.) ಗ್ಲಿಸರಿನ್ ಬಳಸುವವರು ನೀರು ಬೆರೆಸಿಯೇ ಹಚ್ಚಬೇಕು.

ಆದರೆ ಅದೇ ಅಂಗಡಿಯ ಇನ್ನೊಂದು ಅಗ್ಗದ ಟ್ಯೂಬಿನ ವಿಷಯವನ್ನು ಹೇಳದಿರಲಾರೆ. ನಮ್ಮ ಬಂಧುಗಳ ಮಗಳೊಬ್ಬಳು ಮದುವೆಗೆ ಮುನ್ನ ಬಣ್ಣ ತಿಳಿಯಾಗಲೆಂದು ಅಂಗಡಿಯಾತ ಕೊಟ್ಟ ಮುಲಾಮನ್ನು ಹಚ್ಚತೊಡಗಿದಳು. ಇಷ್ಟು ಕಡಿಮೆ ಬೆಲೆಗೆ ಸಿಕ್ಕಿತೆಂದು ತಾಯಿಗೂ ಹಿಗ್ಗು. ಕೆಲವು ವಾರ ಮುಖ ಹೊಳೆಯಿತು. ಬಳಿಕ ಮೊಡವೆ, ಉರಿ, ಬಿಸಿಲಿಗೆ ಹೋದರೆ ಕೆಂಪು. ಹಚ್ಚುವುದನ್ನು ಬಿಟ್ಟರೆ ಇಮ್ಮಡಿ ಉರಿ. ಟ್ಯೂಬಿನ ಮೇಲೆ ಸಣ್ಣಕ್ಷರಗಳಲ್ಲಿ ಮೊಮೆಟಾಸೋನ್ ಎಂದಿತ್ತು. ಅದು ಸೌಂದರ್ಯ ಸಾಧನವಲ್ಲ, ಸ್ಟೀರಾಯ್ಡ್ ಔಷಧ! ಬೀಟಾಮೆಥಸೋನ್, ಕ್ಲೊಬೆಟಾಸೋಲ್‌ಗಳೂ ಇದೇ ವರ್ಗದವು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಔಷಧಗಳ ಪಟ್ಟಿಗೆ ಸೇರಿಸಿತು. ಈಗಾಗಲೇ ಹಚ್ಚುತ್ತಿರುವವರು ಚರ್ಮವೈದ್ಯರನ್ನು ಕಂಡು, ಅವರು ಹೇಳಿದ ಕ್ರಮದಲ್ಲಿಯೇ ಬಿಡತಕ್ಕದ್ದು. ಆ ಹುಡುಗಿಯ ಮದುವೆ ಸಾಂಗವಾಗಿ ನೆರವೇರಿತು. ಮುಖದ ಚಿಕಿತ್ಸೆ ಇನ್ನೂ ನಡೆದಿದೆ.