ರೈಲೋ, ಬಾಡಿಗೆ ಮನೆಯೋ, ಕೂಸೋ?

ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಈಗ ಒಂದೇ ಮಾತು ನಡೆಯುತ್ತಿದೆ. ರಾತ್ರಿ ಊಟದ ಹೊತ್ತಿಗೆ ಶುರುವಾದದ್ದು ದೀಪ ಆರಿಸಿದ ಮೇಲೂ ಮುಗಿಯುವುದಿಲ್ಲ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವುದೋ, ಇಲ್ಲ ವೈಟ್‌ಫೀಲ್ಡ್, ಕೃಷ್ಣರಾಜಪುರದ ಕಡೆ ಒಂದು ಕೋಣೆ ಹಿಡಿದು ಅಲ್ಲೇ ಇದ್ದುಬಿಡುವುದೋ? ಗಂಡ ಒಂದು ಹೇಳುತ್ತಾನೆ, ಹೆಂಡತಿ ಇನ್ನೊಂದು ಹೇಳುತ್ತಾಳೆ. ಮೂಲೆಯಲ್ಲಿ ಕೂತ ಅಜ್ಜಿ ಏನೂ ಹೇಳದೆ ಮೊಮ್ಮಗುವನ್ನು ತಟ್ಟಿ ಮಲಗಿಸುತ್ತಿರುತ್ತಾಳೆ. ಲೆಕ್ಕವೆಲ್ಲ ಕೊನೆಗೆ ತನ್ನ ಮೇಲೆಯೇ ಬಂದು ನಿಲ್ಲುತ್ತದೆಂಬುದು ಆಕೆಗೆ ಗೊತ್ತು.

ಇದು ಸಂಸಾರದ ಒಳಮಾತು ಎಂದು ತಿಳಿದು ನಮ್ಮವರು ಹೊರಗೆ ಆಡುವುದಿಲ್ಲ. ಆದರೆ ಒಂದೇ ಮಾತು ಊರಿನ ಮನೆಮನೆಯಲ್ಲೂ ನಡೆಯುತ್ತಿದ್ದರೆ ಅದು ಊರಿನ ಮಾತೇ ಸರಿ. ಅದನ್ನು ಬೀದಿಗೆ ತಂದು ಆಡಬೇಕಾದ ಕಾಲ ಬಂದಿದೆ.

ಈ ಪ್ರಶ್ನೆ ಎಲ್ಲಿಂದ ಬಂತೆಂದು ನೋಡೋಣ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗೆ ಕೈಹಾಕಿದರು. ಎಲ್ಲೆಲ್ಲಿಂದಲೋ ಆಳುಗಳನ್ನು ಕರೆತಂದು ಗಣಿಯ ಬಾಯಿಯ ಹತ್ತಿರವೇ ಸಾಲುಸಾಲಾಗಿ ಲೈನ್ ಮನೆಗಳನ್ನು ಕಟ್ಟಿದರು. ಅದು ಧರ್ಮಕ್ಕೆ ಕಟ್ಟಿದ್ದಲ್ಲ. ಸೈರನ್ ಕೂಗಿದೊಡನೆ ಆಳು ಗಣಿಯ ಬಾಯಲ್ಲಿ ಹಾಜರಿರಬೇಕಾಗಿತ್ತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದದ್ದೂ ಮೊದಲು ಗಣಿಯ ಯಂತ್ರಗಳಿಗೇ. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು. ೨೦೦೧ರ ಫೆಬ್ರವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಣಿ ಹೋಯಿತು, ಲೈನ್ ಮನೆ ಉಳಿಯಿತು, ರೈಲಿನ ಹಳಿ ಉಳಿಯಿತು. ಆಳನ್ನು ಗಣಿಯ ಹತ್ತಿರ ಇಡಲು ಕಟ್ಟಿದ ಮನೆಯಿಂದಲೇ ಇಂದು ಆ ಆಳಿನ ಮಕ್ಕಳು, ಮೊಮ್ಮಕ್ಕಳು ಎರಡು ಗಂಟೆಗೂ ಮೇಲ್ಪಟ್ಟು ದೂರದ ಕೆಲಸಕ್ಕೆ ಹೊರಡುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್‌ಗಳಲ್ಲಿ ಕತ್ತಲಿರುವಾಗಲೇ ಬೋಗಿ ತುಂಬುತ್ತದೆ. ಬಂಗಾರಪೇಟೆ, ಟೇಕಲ್, ಮಾಲೂರಿನಲ್ಲಿ ಹತ್ತುವವರಿಗೆ ಕಾಲಿಡಲು ಜಾಗವಿರುವುದಿಲ್ಲ.

ಈಗ ವ್ಯಾಪಾರಿಗಳು ಬರೆಯುವಂತೆ ಖಾತೆ ಬರೆದು ನೋಡೋಣ.

ಮೊದಲು ರೈಲಿನ ಖಾತೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರು. ಮಾರಿಕುಪ್ಪಂನವರಿಗೆ ಇನ್ನೂ ಹದಿನೈದರಷ್ಟು ಹೆಚ್ಚು. ತಿಂಗಳ ಸೀಸನ್ ಟಿಕೆಟಿನ ಹಣ ಒಂದೆರಡು ದಿನದ ಕೂಲಿಯನ್ನು ಮೀರುವುದಿಲ್ಲ. ಆದ್ದರಿಂದ ರೈಲು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ. ಹೊತ್ತಿನ ಲೆಕ್ಕ ಹಾಕಿ ನೋಡಿ. ನಿಲ್ದಾಣಕ್ಕೆ ನಡೆಯುವುದು, ಕಾಯುವುದು, ಇಳಿದು ಕಾರ್ಖಾನೆ ಸೇರುವುದು ಎಲ್ಲ ಕೂಡಿ ಹೋಗಿಬರಲು ದಿನಕ್ಕೆ ಐದು ಗಂಟೆ ಎಂದಿಟ್ಟುಕೊಳ್ಳಿ. ಇಪ್ಪತ್ತಾರು ದಿನಕ್ಕೆ ೧೩೦ ಗಂಟೆ. ಎಂಟು ಗಂಟೆಯ ಪಾಳಿಯಂತೆ ಎಣಿಸಿದರೆ ಹದಿನಾರು ಪಾಳಿ! ತಿಂಗಳಿಗೆ ಹದಿನಾರು ಪಾಳಿ ಕೂಲಿಯಿಲ್ಲದೆ ನಿಂತುಕೊಂಡು ದುಡಿದ ಹಾಗಾಯಿತು. ಗಿರಣಿಯಲ್ಲಿ ಯಜಮಾನ ಹದಿನೈದು ನಿಮಿಷ ಹೆಚ್ಚು ದುಡಿಸಿದರೆ ನಾವು ಗೇಟಿನ ಮುಂದೆ ಕೂರುತ್ತೇವೆ. ಈ ೧೩೦ ಗಂಟೆಯನ್ನು ಕೇಳಿದವರು ಯಾರು?

ಇನ್ನು ಬಾಡಿಗೆ ಮನೆಯ ಖಾತೆ. ಹೊತ್ತು ಉಳಿಯುತ್ತದೆ, ನಿದ್ದೆ ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ. ರಾತ್ರಿ ಮಗುವಿನ ಮುಖ ನೋಡುವ ಹೊತ್ತಿಗೆ ಅದು ಎಚ್ಚರವಾಗಿರುತ್ತದೆ. ಆದರೆ ಒಳಗೆ ಕಾಲಿಡುವ ಮೊದಲೇ ಹಲವು ತಿಂಗಳ ಬಾಡಿಗೆಯನ್ನು ಮುಂಗಡ ಇಡಬೇಕು. ಆ ಹಣಕ್ಕೆ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ. ಆಮೇಲೆ ತಿಂಗಳ ಬಾಡಿಗೆ, ನೀರಿಗೆ ಬೇರೆ, ಕರೆಂಟಿಗೆ ಬೇರೆ. ೨೦೨೩ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದ ಮೇಲೆ ಆ ಕಡೆಯ ಮನೆಗಳಿಗೆ ಗಿರಾಕಿ ಹೆಚ್ಚಿದ್ದಾರೆ. ರೈಲು ಬಂದರೆ ಲಾಭ ನೆಲದ ಒಡೆಯನಿಗೆ, ಬಾಡಿಗೆ ನಮಗೆ.

ಈ ಎರಡು ಖಾತೆಯಲ್ಲೂ ಬರೆಯದೆ ಬಿಟ್ಟ ಬಾಬ್ತು ಒಂದಿದೆ: ಕೂಸು.

ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸಿಗೋ, ಗೋಡೌನಿಗೋ, ಆಸ್ಪತ್ರೆಯ ಹೌಸ್‌ಕೀಪಿಂಗಿಗೋ ಹೋಗುವವರು. ಊರಿನಲ್ಲಿದ್ದರೆ ಅಜ್ಜಿ ಇದ್ದಾಳೆ. ಕೋಣೆ ಹಿಡಿದು ಹೋದರೆ ಅಜ್ಜಿ ಇಲ್ಲ. ಒಂದೇ ಕೋಣೆಯಲ್ಲಿ ಆಕೆಯನ್ನು ಎಲ್ಲಿ ಮಲಗಿಸುವುದು? ಆಗ ನಡೆಯುವುದೇನು? ಪಕ್ಕದ ಮನೆಯಾಕೆಗೆ ದುಡ್ಡು ಕೊಟ್ಟು ಮಗುವನ್ನು ಬಿಡುತ್ತಾರೆ. ಇಲ್ಲವೆ ಹೆಂಡತಿ ಕೆಲಸ ಬಿಡುತ್ತಾಳೆ. ಅದೂ ಆಗದಿದ್ದರೆ ಹತ್ತು ವರ್ಷದ ಹಿರಿ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ಬಾಡಿಗೆ ಮನೆಯ ನಿಜವಾದ ಬೆಲೆ ಎಷ್ಟೋ ಕಡೆ ಆ ಹುಡುಗಿಯ ಓದು.

ಕಾನೂನು ಇಲ್ಲವೆ ಎಂದು ಕೇಳುವಿರಿ. ೧೯೪೮ರ ಕಾರ್ಖಾನೆ ಕಾಯಿದೆಯಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದಿತ್ತು; ೧೯೭೬ರಲ್ಲಿ ಅದನ್ನು ಮೂವತ್ತಕ್ಕೆ ಇಳಿಸಿದರು. ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಐವತ್ತು ಮಂದಿ ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಇದನ್ನು ವಿಧಿಸಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು. ಕಾರ್ಮಿಕರು ಹೋರಾಡಿ ಪಡೆದ ಹಕ್ಕು ಇದು, ಇದನ್ನು ಬಿಡಕೂಡದು. ಆದರೆ ಈ ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ಗಿರಣಿಯ ಕಾಲೋನಿ, ಗಣಿಯ ಲೈನು. ಗೇಟಿನ ಪಕ್ಕದಲ್ಲೇ ಮನೆಯಿರುವ ಕೆಲಸಗಾರ್ತಿ. ಬೆಳಗಿನ ಜಾವದ ರೈಲಿನಲ್ಲಿ ನಿಲ್ಲಲು ಜಾಗವಿಲ್ಲದಿರುವಾಗ ಒಂದು ವರ್ಷದ ಕೂಸನ್ನು ಎತ್ತಿಕೊಂಡು ಎರಡು ಗಂಟೆ ನಿಂತು ಬೆಂಗಳೂರಿನ ಶಿಶುವಿಹಾರಕ್ಕೆ ಒಯ್ಯುವ ತಾಯಿ ಯಾರು? ಕೂಸು ಮಾರಿಕುಪ್ಪಂನಲ್ಲಿ, ನೋಡಿಬರುವ ಹಕ್ಕು ಬೆಂಗಳೂರಿನಲ್ಲಿ!

ಊರಿನ ಅಂಗನವಾಡಿಗೆ ಬಿಡಬಹುದಲ್ಲ ಎಂದರೆ, ಅದು ಹೊತ್ತೇರಿದ ಮೇಲೆ ತೆರೆದು ಸಂಜೆಯಾಗುವ ಮೊದಲೇ ಮುಚ್ಚುತ್ತದೆ. ಅಲ್ಲಿ ದಿನವಿಡೀ ಕೂರುವುದು ಮೂರು ವರ್ಷ ದಾಟಿದ ಮಕ್ಕಳು. ತಾಯಿ ಅದು ತೆರೆಯುವ ಮೊದಲೇ ಹೋಗಿ, ಮುಚ್ಚಿ ಎಷ್ಟೋ ಹೊತ್ತಾದ ಮೇಲೆ ಬರುತ್ತಾಳೆ. ೨೦೨೩ರಲ್ಲಿ ರಾಜ್ಯ ಸರ್ಕಾರ ಉದ್ಯೋಗ ಖಾತ್ರಿ ಕೂಲಿಗಾರ ತಾಯಂದಿರಿಗಾಗಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಒಳ್ಳೆಯ ಕೆಲಸ. ಆದರೆ ರೈಲು ಹತ್ತುವ ತಾಯಿಯೂ ಕೂಲಿಗಾರಳೇ ಅಲ್ಲವೆ? ಅದೇ ವರ್ಷದ ಜೂನ್ ೧೧ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಅದರಿಂದ ಕಾಸು ಉಳಿಯಿತು, ಹೊತ್ತು ಉಳಿಯಲಿಲ್ಲ.

ಈ ಲೇಖಕನ ಅಭಿಪ್ರಾಯ ಕೇಳಿದರೆ ಸ್ಪಷ್ಟವಾಗಿ ಹೇಳುತ್ತೇನೆ. ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದು, ಅದನ್ನು ನೋಡಿಕೊಳ್ಳಬಲ್ಲ ಅಜ್ಜಿ ಊರಿನಲ್ಲಿದ್ದರೆ, ಇವತ್ತಿನ ಸ್ಥಿತಿಯಲ್ಲಿ ಊರು ಬಿಡಬೇಡಿ. ರೈಲು ಕಷ್ಟ ಕೊಡುತ್ತದೆ, ಆದರೆ ಹುಡುಗಿಯ ಶಾಲೆ ಬಿಡಿಸುವುದಿಲ್ಲ. ಆದರೆ ಇದು ಸಮಸ್ಯೆಗೆ ಪರಿಹಾರವೆಂದು ಯಾರೂ ತಿಳಿಯಕೂಡದು. ಅಜ್ಜಿಗೂ ವಯಸ್ಸಾಗುತ್ತದೆ, ಅಜ್ಜಿಯಿಲ್ಲದ ಮನೆಗಳೂ ಇವೆ. ಒಂದು ಜನ್ಮವೆಲ್ಲ ದುಡಿದವಳ ಸೊಂಟದ ಮೇಲೆ ಇನ್ನೊಂದು ತಲೆಮಾರನ್ನು ಕೂರಿಸಿ ನಾವು ಲೆಕ್ಕ ಸರಿಹೋಯಿತು ಎನ್ನುತ್ತಿದ್ದೇವೆ.

ಇಲ್ಲಿಯೇ ವಿಷಯದ ಬೇರು ಇರುವುದು. ಬೆಂಗಳೂರಿನ ಮಾಲೀಕರು ಇಷ್ಟು ಕಡಿಮೆ ಕೂಲಿಗೆ ನಮ್ಮವರನ್ನು ದುಡಿಸಿಕೊಳ್ಳಲು ಆಗುವುದು ಹೇಗೆ? ಕೆಲಸಗಾರ್ತಿಗೆ ಊರಿನಲ್ಲಿ ತಲೆಯ ಮೇಲೊಂದು ಸೂರು ಇದೆ, ಕೂಸಿಗೆ ಅಜ್ಜಿ ಇದ್ದಾಳೆ, ಅದಕ್ಕೇ. ಮನೆಯ ಬಾಡಿಗೆಯನ್ನೂ ಮಗುವಿನ ಆರೈಕೆಯನ್ನೂ ಕೂಲಿಗೆ ಸೇರಿಸಿ ಕೊಡಬೇಕಾಗಿ ಬಂದರೆ ಈ ಕೂಲಿ ಸಾಲುವುದಿಲ್ಲ. ಆ ಅಜ್ಜಿಯ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಆದರೂ ಆಕೆ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಆ ಕಾರ್ಖಾನೆಗೆ ಪುಕ್ಕಟೆ ದುಡಿಯುತ್ತಿದ್ದಾಳೆ.

ಅಂಗಡಿಯವರು ಇದು ಕೂಲಿಗಾರರ ಗೋಳು, ನಮಗೇನು ಎನ್ನಬಾರದು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬಂಗಾರಪೇಟೆಯ ಅಂಗಡಿಗಳಿಗೆ ತಿಂಗಳ ಮೊದಲ ವಾರ ಬರುವ ದುಡ್ಡು ರೈಲಿನಲ್ಲಿ ಬರುತ್ತದೆ. ಒಂದು ಸಂಸಾರ ಕೋಣೆ ಹಿಡಿದು ಹೋದರೆ ಅಕ್ಕಿ, ಎಣ್ಣೆ, ಹಬ್ಬದ ಬಟ್ಟೆ, ಮಗುವಿನ ಸ್ಲೇಟು ಎಲ್ಲವೂ ಅವರೊಡನೆ ಹೋಗುತ್ತದೆ. ಉಳಿಯುವುದು ಸಾಲದ ಪುಸ್ತಕದ ಹಳೆಯ ಬಾಕಿ. ಗಣಿ ಮುಚ್ಚಿದಾಗ ಪೇಟೆ ಹೇಗೆ ಬಡವಾಯಿತೆಂದು ಹಿರಿಯ ವ್ಯಾಪಾರಿಗಳು ಬಲ್ಲರು.

ಉಪನಗರ ರೈಲು ಬರುತ್ತದೆ, ಕಾಯಿರಿ ಎನ್ನುವವರಿದ್ದಾರೆ. ೨೦೨೦ರಲ್ಲಿ ಒಪ್ಪಿಗೆಯಾದ ಆ ಯೋಜನೆ ೧೪೮ ಕಿಲೋಮೀಟರಿನದು, ೧೫,೭೬೭ ಕೋಟಿ ರೂಪಾಯಿಯದು. ೨೦೨೨ರ ಜೂನಿನಲ್ಲಿ ಪ್ರಧಾನಿಗಳು ಶಂಕುಸ್ಥಾಪನೆ ಮಾಡಿ ನಲವತ್ತು ತಿಂಗಳ ಮಾತಾಡಿದರು. ೨೦೨೫ರ ಅಕ್ಟೋಬರಿಗೆ ಆ ನಲವತ್ತು ತಿಂಗಳು ತುಂಬಿದವು. ಅಷ್ಟರಲ್ಲಿ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಅದರಲ್ಲೂ ನಮ್ಮ ಕಡೆಗೆ ಬರುವ ಮಾರ್ಗ, ಕೆಂಗೇರಿಯಿಂದ ಹೊರಟದ್ದು, ಆ ಯೋಜನೆಯಲ್ಲಿ ವೈಟ್‌ಫೀಲ್ಡಿಗೇ ನಿಂತಿದೆ. ಮಾಲೂರು, ಬಂಗಾರಪೇಟೆಯವರು ಬೆಂಗಳೂರಿಗೆ ದುಡಿಯಲು ಬೇಕು, ನಕ್ಷೆಯಲ್ಲಿ ಬೇಡ.

ಕೆಲಸವನ್ನೇ ಇಲ್ಲಿಗೆ ತರಿಸೋಣ ಎಂದು ನಮ್ಮ ಕೆಲವು ಗೆಳೆಯರು ವಾದಿಸುತ್ತಾರೆ. ತರಿಸಬೇಕು, ನಿಜ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆಗಳು ಬಂದೂ ಇವೆ. ಆದರೆ ರಾತ್ರಿ ಪಾಳಿಗೆ ಹೋಗುವ ತಾಯಿಯ ಕೂಸು ಅಲ್ಲಿಯೂ ಕೂಸೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಮಾರಿಕುಪ್ಪಂನಿಂದ ಮಾಲೂರಿನವರೆಗೆ ಜನ ರೈಲು ಹತ್ತುವ ನಿಲ್ದಾಣಗಳ ಹತ್ತಿರ ಕೂಸಿನ ಮನೆಗಳು ಆಗಬೇಕು. ಅವು ಮೊದಲ ರೈಲಿಗೆ ಮುಂಚೆ ತೆರೆದು ಕೆಲಸಗಾರರ ಕೊನೆಯ ರೈಲು ಬಂದ ಮೇಲೆ ಮುಚ್ಚಬೇಕು. ಅವನ್ನು ನಗರಸಭೆ, ಪುರಸಭೆಗಳು ನಡೆಸಲಿ. ಖರ್ಚಿನ ಪಾಲನ್ನು ಈ ಊರುಗಳ ಹೆಂಗಸರನ್ನು ದುಡಿಸಿಕೊಳ್ಳುವ ಮಾಲೀಕರಿಂದ ತಲೆಗಿಷ್ಟು ಎಂದು ವಸೂಲು ಮಾಡಲಿ. ಅಲ್ಲಿ ಮಕ್ಕಳನ್ನು ನೋಡುವ ಆಯಾಗಳಿಗೆ ಗೌರವಧನವಲ್ಲ, ಕೂಲಿಯೇ ಸಿಗಲಿ. ಪಾಳಿಯ ಹೊತ್ತಿಗೆ ಸರಿಯಾಗಿ ರೈಲುಗಳು, ಹೆಚ್ಚು ಬೋಗಿಗಳು ಬರಲಿ. ಉಪನಗರ ರೈಲು ಬಂಗಾರಪೇಟೆ ಮುಟ್ಟಲಿ. ಹೋಗಲೇಬೇಕಾದವರಿಗೆ ಬೆಂಗಳೂರಿನ ಅಂಚಿನಲ್ಲಿ ಸರ್ಕಾರವೇ ಬಾಡಿಗೆ ಮನೆ ಕಟ್ಟಲಿ.

ಇವು ತಾವಾಗಿ ಬರುವುದಿಲ್ಲ. ಒಂದೇ ಬೋಗಿಯಲ್ಲಿ ತಮಿಳು, ತೆಲುಗು, ಕನ್ನಡ ಮಾತಾಡುತ್ತ ನಿಂತು ಹೋಗುವ ಕೆಲಸಗಾರರೂ, ಅವರ ಸಂಬಳದಿಂದ ಬದುಕುವ ಅಂಗಡಿಯವರೂ ಕೂಡಿದರೆ ಮಾತ್ರ ಬರುತ್ತವೆ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬೋಗಿಯಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವರು ಎಷ್ಟು ಮಂದಿ, ಆ ಮಕ್ಕಳನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆಗಳನ್ನು ಹಿಡಿದುಕೊಂಡು ನಗರಸಭೆಗೆ ಹೋಗೋಣ. ಅಲ್ಲಿಗೆ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ. ಇಷ್ಟು ದಿನ ಮೂಲೆಯಲ್ಲಿ ಕೂತು ಕೇಳಿದವರು ಈಗ ಮುಂದೆ ಕೂತು ಮಾತಾಡಲಿ.